ಖಾಲಿ ಏಟಿನ ಲೆಕ್ಕ

ಕಳೆದ ಜನವರಿಯಿಂದ ನನಗೊಂದು ಕೆಟ್ಟ ಅಭ್ಯಾಸ ಅಂಟಿಕೊಂಡಿದೆ. ಯಾರಿಗಾದರೂ ಚಹಾ ಕೊಡುವಾಗ ಅವರ ಮುಖ ನೋಡುವುದಿಲ್ಲ, ಬೆರಳು ನೋಡುತ್ತೇನೆ. ಬೆರಳು ಸೀದಾ ಕಪ್ಪಿನ ಕಿವಿಗೆ ಬಂತೋ, ಇಲ್ಲಾ ಪಕ್ಕದ ಗಾಳಿಯನ್ನು ಒಮ್ಮೆ ಮುಟ್ಟಿ ಆಮೇಲೆ ಕಪ್ಪನ್ನು ಕಂಡುಕೊಂಡಿತೋ ಎಂದು. ಮೊನ್ನೆ ಮುಂಡಗೋಡದಿಂದ ಬಂದಿದ್ದ ಚಿಗವ್ವ ಇದನ್ನು ಗಮನಿಸಿಬಿಟ್ಟಳು. “ಏನವಾ, ನನ್ನ ಉಂಗುರದ ಮ್ಯಾಲ ಕಣ್ಣ ಬಿತ್ತೇನ? ಅದು ನನ್ನ ಸೊಸಿಗೆ ಹೋಗೂದೈತಿ, ನಿನಗಲ್ಲ” ಎಂದಳು. ನಾನು ನಕ್ಕೆ. ಉಂಗುರವಲ್ಲ ಚಿಗವ್ವಾ, ನಿನ್ನ ಕಣ್ಣಿನ ಪರೀಕ್ಷೆ ನಡೆದಿತ್ತು ಎಂದು ಹೇಗೆ ಹೇಳಲಿ? ಆಕೆಯ ಬೆರಳು ಸೀದಾ ಬಂದಿತ್ತು. ಡೈರಿಯಲ್ಲಿ ಅವಳ ಹೆಸರಿನ ಮುಂದೆ ಒಂದು ‘ಸರಿ’ ಗುರುತು ಹಾಕಿದೆ.

ಹೌದು, ಡೈರಿಯಲ್ಲಿ. ನಗಬೇಡಿ. ಏಳನೇ ಇಯತ್ತೆಯಿಂದ ನಾನು ಡೈರಿ ಬರೆಯುತ್ತೇನೆ. ಅದರಲ್ಲಿ ಮನಸ್ಸಿನ ಮಾತು ಕಡಿಮೆ, ಎಣಿಕೆ ಜಾಸ್ತಿ. ಜೊಯಿಡಾದ ಬಸ್ಸು ಒಂದು ತಿಂಗಳಲ್ಲಿ ಎಷ್ಟು ದಿನ ಬರಲೇ ಇಲ್ಲ, ಗೆಳತಿಯ ಮದುವೆಯಲ್ಲಿ ನಾನು ತಿಂದ ಹೋಳಿಗೆ ಎಷ್ಟು (ಆರು; ಅವಳಿಗೆ ನಾಲ್ಕು ಎಂದು ಹೇಳಿದ್ದೇನೆ), ಅವ್ವ ಬೆಳಗಿನಿಂದ ಸಂಜೆಯೊಳಗೆ ‘ಆತ್ ಬಿಡು’ ಎಂದು ಎಷ್ಟು ಸಲ ಅನ್ನುತ್ತಾಳೆ. ನಾಲ್ಕು ನೆಟ್ಟಗಿನ ಗೀಟು, ಐದನೆಯದು ಅಡ್ಡ. ಎಣಿಸಿ ಬರೆದಿಟ್ಟದ್ದು ನಮ್ಮನ್ನು ಹೆದರಿಸಲಾರದು ಎಂದು ನಂಬಿದವಳು ನಾನು. ಚಿಕ್ಕಂದಿನಲ್ಲಿ ಹಿತ್ತಲಿಗೆ ಹೋಗುವಾಗಲೂ ಹೆಜ್ಜೆ ಎಣಿಸುತ್ತಿದ್ದೆ. ಅಡುಗೆಮನೆಯ ಬಾಗಿಲಿನಿಂದ ಇಪ್ಪತ್ತಾರು ಹೆಜ್ಜೆ. ಇಪ್ಪತ್ತಾರನೆಯ ಹೆಜ್ಜೆಗೆ ಅಪ್ಪನ ಕಂಬಾರಸಾಲಿಯ, ಅಂದರೆ ಕುಲುಮೆಯ ಕೋಣೆಯ, ಬಾಗಿಲು.

ನಮ್ಮಪ್ಪ ಕಾಳಪ್ಪ ಹಳಿಯಾಳದಲ್ಲಿ ಕಮ್ಮಾರ. ಅಜ್ಜ ಧಾರವಾಡದ ಕಡೆಯಿಂದ ಬಂದು ಇಲ್ಲಿ ಕುಲುಮೆ ಹಾಕಿದವನು. ದಾಂಡೇಲಿಯ ಗ್ಯಾರೇಜುಗಳಲ್ಲಿ ಬಿದ್ದಿರುವ ಲಾರಿಯ ಹಳೆಯ ಕಮಾನು ಪಟ್ಟಿಗಳನ್ನು ತಂದು ಅಪ್ಪ ಕೊಡಲಿ, ಕುಡಗೋಲು, ಕಬ್ಬು ಕಡಿಯುವವರ ಕೊಯ್ತಾ ಎಂಬ ಕತ್ತಿ ಮಾಡುತ್ತಾನೆ. ಒಳಗೆ ಯಾವಾಗಲೂ ಕತ್ತಲು. ಇದ್ದ ಒಂದೇ ಕಿಟಕಿಗೂ ಗೋಣಿತಾಟು. ಬೆಳಕಿದ್ದರೆ ಕಾದ ಕಬ್ಬಿಣದ ಬಣ್ಣ ಕಣ್ಣಿಗೆ ಸುಳ್ಳು ಹೇಳುತ್ತದಂತೆ. ಆಗಿನ್ನೂ ಚರ್ಮದ ತಿದಿ ಇತ್ತು. ಅದು ಉಸಿರು ಎಳೆದು ಬಿಡುವ ಸದ್ದು ಯಾವುದೋ ದೊಡ್ಡ ಪ್ರಾಣಿ ಮೂಲೆಯಲ್ಲಿ ಮಲಗಿದಂತೆ ಕೇಳುತ್ತಿತ್ತು. ಬೆಂಕಿಯ ಕೆಂಪು ಕೆಳಗಿನಿಂದ ಬಿದ್ದು ಅಪ್ಪನ ಗಲ್ಲ ಹಿಗ್ಗಿ, ಕಣ್ಣು ಎರಡು ತೂತುಗಳಾಗಿ, ಹುಬ್ಬಿನ ನೆರಳು ಹಣೆಯ ಮೇಲೆ ಏರುತ್ತಿತ್ತು. ಊಟಕ್ಕೆ ಬರುವ ಅಪ್ಪ ಬೇರೆ, ಅಲ್ಲಿ ಕೂತಿರುವವನು ಬೇರೆ ಎಂದು ಆರು ವರ್ಷದ ತನಕ ನಾನು ನಂಬಿದ್ದೆ. ಅವ್ವ ‘ಅಪ್ಪನ್ನ ಕರಕೊಂಡ ಬಾ’ ಎಂದರೆ ಹೊಸ್ತಿಲ ಈಚೆಯೇ ನಿಂತು ಕೂಗುತ್ತಿದ್ದೆ. ಒಳಗಿನವನು ಎದ್ದು ಬಂದು, ಬಿಸಿಲಿಗೆ ಕಾಲಿಟ್ಟು, ಮುಖ ತೊಳೆದುಕೊಂಡ ಮೇಲೆಯೇ ಅವನ ಕೈ ಹಿಡಿಯುತ್ತಿದ್ದದ್ದು.

ದೊಡ್ಡವಳಾದ ಮೇಲೆ ಹೆದರಿಕೆ ಹೋಗಿ ಅದರ ಜಾಗದಲ್ಲಿ ನಾಚಿಕೆ ಬಂತು. ಕೂದಲಿಗೆ ಹೊಗೆಯ ವಾಸನೆ ಹತ್ತುತ್ತದೆ ಎಂದು ಆ ಕಡೆ ಸುಳಿಯುವುದನ್ನೇ ಬಿಟ್ಟೆ. ಧಾರವಾಡದಲ್ಲಿ ಚಿತ್ರಕಲೆ ಕಲಿತು, ಮನೆಯ ಅಟ್ಟದ ಮೇಲೆ ಕಂಪ್ಯೂಟರ್ ಇಟ್ಟುಕೊಂಡು, ಹುಬ್ಬಳ್ಳಿಯ ಒಂದು ಸಣ್ಣ ಗೇಮ್ ಕಂಪನಿಗೆ ಜಾಗಗಳ ಚಿತ್ರ ಬರೆದುಕೊಡತೊಡಗಿದೆ. ಕೋಟೆ, ಗುಹೆ, ಮುರಿದ ಸೇತುವೆ. ಜನ ಬರೆಯುವುದು ನನಗೆ ಅಷ್ಟಾಗಿ ಬರುವುದಿಲ್ಲ. ಜಾಗ ಬರೆಯುತ್ತೇನೆ. ಜಾಗ ಅಲ್ಲಾಡುವುದಿಲ್ಲ, ಅಳತೆ ಹಿಡಿಯಬಹುದು.

ಡಿಸೆಂಬರಿನ ಕೊನೆಯಲ್ಲಿ ಕಂಪನಿಯ ಶ್ರೀಧರ ಸರ್ ಒಂದು ಹೊಸ ಕೆಲಸ ಕಳಿಸಿದರು. ಜಪಾನಿನ ಜನಪದ ಕಥೆಗಳ ಹಿನ್ನೆಲೆಯ ಆಟ. ಅದರಲ್ಲಿ ಬೆಟ್ಟದ ಮೇಲೆ ಒಬ್ಬ ಕತ್ತಿ ಕಮ್ಮಾರನ ಕುಲುಮೆ. ಕಳಿಸಿದ ಟಿಪ್ಪಣಿ ಓದುತ್ತ ಕೂತರೆ ಚಹಾ ಆರಿಹೋಯಿತು. ಕುಲುಮೆಯ ಸುತ್ತ ಹುಲ್ಲಿನ ಹಗ್ಗ ಕಟ್ಟಿ ಬಿಳಿ ಕಾಗದ ತೂಗುಬಿಟ್ಟಿರುತ್ತಾರೆ, ಕೆಟ್ಟದ್ದು ಒಳಗೆ ಬಾರದಿರಲಿ ಎಂದು. ನಮ್ಮ ಕಂಬಾರಸಾಲಿಯ ಬಾಗಿಲಿಗೆ ನಿಂಬೆಹಣ್ಣು ಮೆಣಸಿನಕಾಯಿ, ಒಳಗೆ ದೇವಿ ಕಾಳವ್ವನ ಫೋಟೊ, ಅಷ್ಟೇ ವ್ಯತ್ಯಾಸ. ನೂರು ವರ್ಷ ಬಳಸಿದ ಸಾಮಾನಿಗೆ ಜೀವ ಬರುತ್ತದಂತೆ. ಇಕ್ಕಳ ತಾನೇ ಬಾಯಿ ತೆರೆಯುತ್ತದೆ, ಸುತ್ತಿಗೆ ಮೂಲೆಯಿಂದ ನೋಡುತ್ತದೆ. ನರಿಯೊಂದು ಮನುಷ್ಯನ ವೇಷದಲ್ಲಿ ಬಂದು ಕತ್ತಿ ಬಡಿಯಲು ಕೈಜೋಡಿಸುತ್ತದಂತೆ. ಮತ್ತೆ, ಬೆಟ್ಟದಲ್ಲಿ ಒಂದು ಜೀವ ಇದೆಯಂತೆ. ಒಂದೇ ಕಣ್ಣು, ಒಂದೇ ಕಾಲು. ಹಿಂದೆ ಅದು ಕಮ್ಮಾರನಾಗಿತ್ತು ಎನ್ನುತ್ತಾರೆ. ಕುಲುಮೆಯ ಉರಿ ನೋಡಿ ನೋಡಿ ಒಂದು ಕಣ್ಣು ಹೋಯಿತು, ತಿದಿ ತುಳಿದು ತುಳಿದು ಒಂದು ಕಾಲು ಹೋಯಿತು.

“ಭಯ ಬರಬೇಕ್ ನೋಡ್ರಿ ರೇಣುಕಾ” ಎಂದರು ಶ್ರೀಧರ ಸರ್ ಫೋನಿನಲ್ಲಿ. “ಆಡಾವ ಬಾಗಲದಾಗ ಕಾಲಿಟ್ಟ ಕೂಡಲೆ ಒಂದ್ ಗಳಿಗಿ ನಿಲ್ಲಬೇಕು. ಒಳಗ ಹೋಗೂದೋ ಬ್ಯಾಡೋ ಅನ್ನಬೇಕು.”

ನಾನು ಎಂಟು ದಿನ ಕೂತು ಬರೆದು ಕಳಿಸಿದೆ. ಹತ್ತು ನಿಮಿಷಕ್ಕೆ ಫೋನ್ ಬಂತು.

“ಇದು ಕುಲುಮಿ ಅಲ್ರೀ. ಮದವಿ ಹಾಲ್ ಆಗೇತಿ. ಹಗ್ಗ, ಕಾಗದ, ದೀಪ, ಎಲ್ಲಾ ಚಂದ. ಇನ್ನ ಎರಡ ಖುರ್ಚಿ ಹಾಕಿದ್ರ ವರ ಬಂದ ಕುಂದರತಾನ.”

“ಏನ್ ಮಾಡ್ಲಿ ಸರ್?”

“ನಿಮ್ಮನೀ ಹಿತ್ತಲದಾಗ ಕಂಬಾರಸಾಲಿ ಐತಿ ಅಂದಿದ್ರಲ್ಲಾ, ಅಲ್ಲಿ ಹೋಗಿ ಕುಂದರ್ರಿ. ಕಂಪ್ಯೂಟರ್ ಮುಂದ ಕುಂತ್ರ ಹೊಗಿ ಬರಂಗಿಲ್ಲ.”

ಹೀಗೆ ಜನವರಿ ಐದರಂದು, ಹತ್ತು ವರ್ಷಗಳ ಮೇಲೆ, ಇಪ್ಪತ್ತಾರು ಹೆಜ್ಜೆ (ಈಗ ಹದಿನೇಳು, ಕಾಲು ಉದ್ದವಾಗಿದೆ) ನಡೆದು, ಮೂರು ಕಾಲಿನ ಸ್ಟೂಲ್ ಹಾಕಿಕೊಂಡು ಅಪ್ಪನ ಕುಲುಮೆಯ ಮೂಲೆಯಲ್ಲಿ ಕೂತೆ. ತಿದಿಯ ಜಾಗಕ್ಕೆ ಕೈಯಿಂದ ತಿರುಗಿಸುವ ಬ್ಲೋವರ್ ಬಂದಿತ್ತು. ಕತ್ತಲು ಮಾತ್ರ ಹಾಗೇ ಇತ್ತು.

ಅವರಿಬ್ಬರ ಕೆಲಸದ ರೀತಿ ನಿಮಗೆ ಹೇಳಬೇಕು, ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ. ಅಪ್ಪ ಕುಕ್ಕರಗಾಲಿನಲ್ಲಿ ಕೂತು ಕಾದ ಕಬ್ಬಿಣವನ್ನು ಎಡಗೈಯ ಇಕ್ಕಳದಲ್ಲಿ ಅಡಿಗಲ್ಲಿನ ಮೇಲೆ ಹಿಡಿಯುತ್ತಾನೆ. ಬಲಗೈಯಲ್ಲಿ ಒಂದು ಸಣ್ಣ ಸುತ್ತಿಗೆ. ಎದುರಿಗೆ ಅವ್ವ, ಸೆರಗು ಬಿಗಿದು, ಉದ್ದ ಹಿಡಿಯ ದೊಡ್ಡ ಸುತ್ತಿಗೆ ಎತ್ತಿ ನಿಲ್ಲುತ್ತಾಳೆ. ಅದಕ್ಕೆ ನಮ್ಮ ಕಡೆ ಘಣ ಎನ್ನುತ್ತಾರೆ. ಅಪ್ಪ ಸಣ್ಣ ಸುತ್ತಿಗೆಯಿಂದ ಎಲ್ಲಿ ತಟ್ಟುತ್ತಾನೋ ಅವ್ವನ ಘಣ ಅಲ್ಲಿ ಬೀಳಬೇಕು. ಟಿಕ್ ಎಂದರೆ ಧಪ್. ಟಿಕ್, ಧಪ್. ಸಾಕು ಎನ್ನುವಾಗ ಅಪ್ಪ ಸುತ್ತಿಗೆಯನ್ನು ಅಡಿಗಲ್ಲಿನ ಅಂಚಿಗೆ ಎರಡು ಸಲ ಬಡಿಯುತ್ತಾನೆ. ಇಪ್ಪತ್ತೆರಡು ವರ್ಷದಿಂದ ಇಬ್ಬರೂ ಬಾಯಿಬಿಟ್ಟು ಮಾತಾಡದೆ ಹೀಗೆ ಕೆಲಸ ಮಾಡಿದ್ದಾರೆ. ಅಪ್ಪನ ಇಕ್ಕಳ ಗಿಡ್ಡದು. ಉದ್ದ ಇಕ್ಕಳ ಹಿಡಿದರೆ ಕಬ್ಬಿಣ ಕೈಗೆ ಏನೂ ಹೇಳುವುದಿಲ್ಲ ಎಂಬುದು ಅವನ ಹಟ. ಕೊಯ್ತಾದ ಹಿಡಿಯ ಕಡೆ ಬಡಿಯುವಾಗ ಘಣ ಬೀಳುವ ಜಾಗಕ್ಕೂ ಅಪ್ಪನ ಬೆರಳಿಗೂ ನಡುವೆ ಗೇಣಿಗಿಂತ ಕಡಿಮೆ.

ಆಟದ ಕಮ್ಮಾರನ ಕೈ ಎಷ್ಟು ಹೊತ್ತಿಗೆ ಒಮ್ಮೆ ಏಳಬೇಕು ಎಂದು ತಿಳಿಯಲು ನಾನು ಏಟು ಎಣಿಸತೊಡಗಿದೆ. ಎಣಿಸುವಾಗ ನಡುವೆ ಒಂದು ಬೇರೆ ಸದ್ದು ಕೇಳಿತು. ಧಪ್ ಅಲ್ಲ, ಠಣ್. ಅವ್ವನ ಘಣ ಕಬ್ಬಿಣ ಬಿಟ್ಟು ಬರಿ ಅಡಿಗಲ್ಲಿನ ಮೇಲೆ ಬಿದ್ದಿತ್ತು. ಡೈರಿಯಲ್ಲಿ ಅದಕ್ಕೊಂದು ಬೇರೆ ಸಾಲು ಮಾಡಿ ‘ಖಾಲಿ ಏಟು’ ಎಂದು ಬರೆದೆ. ಮೊದಲ ದಿನ ಮೂರು.

ಅಪ್ಪ ಬಿಡುತ್ತಾನೆಯೆ? “ಯಾಕ, ಅಡಿಗಲ್ಲಿನ ಮ್ಯಾಲ ಸಿಟ್ಟ ಐತೇನ?”

“ನಿಮ್ಮ ಮ್ಯಾಲ ಐತ್ರಿ. ಅದಕ್ಕ ಅಲ್ಲಿ ಹೊಡದೆ.”

“ವಯಸ್ಸಾತ ನಿನಗ. ಇನ್ನ ಲಟ್ಟಣಿಗಿ ಹಿಡಕೊಂಡ ಕುಂದರು.”

“ಲಟ್ಟಣಿಗಿ ಹಿಡದ್ರ ರೊಟ್ಟಿಗೆ ಬೀಳೂದಿಲ್ಲ ನೋಡ್ರಿ ಏಟು” ಎಂದಳು ಅವ್ವ, ಮಣಿಕಟ್ಟಿಗೆ ಸುತ್ತಿಕೊಂಡಿದ್ದ ಬಟ್ಟೆಯನ್ನು ಹಲ್ಲಿನಿಂದ ಬಿಗಿಯುತ್ತ. ನಾನೂ ನಕ್ಕೆ. ಅವ್ವನಿಗೆ ವಯಸ್ಸಾಯಿತು ಎಂದು ಡೈರಿಯಲ್ಲಿ ಬರೆದೂ ಇಟ್ಟೆ.

ಎಂಟನೆಯ ತಾರೀಖಿಗೆ ಖಾಲಿ ಏಟು ಐದು. ಅವತ್ತೇ ಜೊಯಿಡಾ ಕಡೆಯ ಗಾವಡೆ ಮಾಮಾ ಬಂದಿದ್ದ. ಸೊಂಟದ ಕಟ್ಟಿಗೆಯ ಕೊಕ್ಕೆಗೆ ಕೊಯ್ತಾ ಸಿಕ್ಕಿಸಿಕೊಂಡೇ ಊರು ತಿರುಗುವ ಮನುಷ್ಯ. ಅಪ್ಪನ ಕೈಯ ಕೊಯ್ತಾ ಬಿಟ್ಟು ಬೇರೆ ಮುಟ್ಟುವವನಲ್ಲ. ಹೋದ ತಿಂಗಳು ಒಯ್ದದ್ದನ್ನು ಕಣ್ಣ ಮಟ್ಟಕ್ಕೆ ಎತ್ತಿ ಹಿಡಿದು, “ಕಾಳಪ್ಪಣ್ಣಾ, ಧಾರ ಸ್ವಲ್ಪ ವಾಂಕಡಿ ಆಗೈತಿ, ಹೌದಲ್ಲೋ?” ಎಂದ. ಸೊಟ್ಟಗಾಗಿದೆ ಎಂದರ್ಥ.

“ನಿನ್ನ ಕೈ ವಾಂಕಡಿ ಆಗೈತಿ ಮಾರಾಯ” ಎಂದ ಅಪ್ಪ. “ಬಿಟ್ಟ ಹೋಗು, ಮಾಡಿ ಕೊಡ್ತೇನಿ.”

ಮಾಮಾ ನಗುತ್ತ ಬಸ್ಸಿಗೆ ಓಡಿದ. ಅಪ್ಪ ಆ ಕೊಯ್ತಾವನ್ನು ಎತ್ತಿ ನೋಡಲಿಲ್ಲ. ಅಂಚಿನ ಉದ್ದಕ್ಕೆ ಹೆಬ್ಬೆರಳು ಎಳೆದ, ಎರಡು ಸಲ. ಆಮೇಲೆ ಗೋಡೆಗೆ ಒರಗಿಸಿಟ್ಟ.

ಮರುದಿನ, ಒಂಬತ್ತು. ಮಧ್ಯಾಹ್ನದ ಊಟವಾಗಿತ್ತು. ಅವ್ವ ಒಳಗೆ ಪಾತ್ರೆ ತೊಳೆಯುತ್ತಿದ್ದಳು. ನನಗೆ ಆ ಒಕ್ಕಣ್ಣ ಕಮ್ಮಾರನ ಮುಖ ಬರೆಯುವುದಿತ್ತು.

“ಅಪ್ಪಾ, ಒಂದ್ ಕಣ್ಣ ಮುಚ್ಚಿ ಕುಂದರು. ಚಿತ್ರ ತಗೀತೇನಿ.”

“ಯಾರ್ದು?”

“ಜಪಾನದ ಕಂಬಾರಂದು. ಅವಗ ಒಂದ ಕಣ್ಣು.”

“ಇನ್ನೊಂದ ಎಲ್ಲಿ ಇಟ್ಟ ಬಂದಾನಂತ?”

“ಬೆಂಕಿ ನೋಡಿ ನೋಡಿ ಹೋಗೇತಂತ.”

ಅಪ್ಪ ನಗುತ್ತಾನೆ ಎಂದುಕೊಂಡಿದ್ದೆ. ನಗಲಿಲ್ಲ. ಎಡಗಣ್ಣು ಮುಚ್ಚಿ ಕೂತ.

“ಅದಲ್ಲ, ಬಲಗಣ್ಣ. ಬೆಳಕ ಈ ಕಡಿಂದ ಬೀಳಾಕತ್ತೈತಿ.”

“ಇದ ಸಾಕ ತಗೀ.”

“ಐದ ನಿಮಿಷ ಅಪ್ಪಾ.”

ಬಲಗಣ್ಣು ಮುಚ್ಚಿದ. ನಾನು ಹಣೆ, ಮೂಗು, ಮೀಸೆಯ ತನಕ ಬಂದೆ. ಬೆಳಕು ಸಾಲಲಿಲ್ಲ. ಸದ್ದಾಗದಂತೆ ಎದ್ದು ಕಿಟಕಿಯ ಹತ್ತಿರ ಹೋಗಿ ಗೋಣಿತಾಟನ್ನು ಒಂದಿಷ್ಟು ಸರಿಸಿದೆ. ಅಲ್ಲಿಂದ ತಿರುಗಿ ನೋಡಿದರೆ ಅಪ್ಪನ ಎಡಗಣ್ಣು ದೊಡ್ಡದಾಗಿ ತೆರೆದೇ ಇತ್ತು. ಅದು ಖಾಲಿ ಸ್ಟೂಲನ್ನು ನೋಡುತ್ತಿತ್ತು.

“ಮೂಗ ಸರಿ ಬಂತೇನ?” ಎಂದು ಅಪ್ಪ ಸ್ಟೂಲಿಗೆ ಕೇಳಿದ. “ನಿಮ್ಮಜ್ಜನ ಮೂಗದು, ಹುಷಾರಿಲೆ ಬರಿ.”

ತಾಟಿನ ಅಂಚು ಹಿಡಿದೇ ನಿಂತೆ. ಕಿಟಕಿಯ ಬೆಳಕು ಅವನ ಮುಖದ ಮೇಲೆಯೇ ಬಿದ್ದಿತ್ತು. ರೆಪ್ಪೆ ಅಲುಗಲಿಲ್ಲ.

“ರೇಣಿ?” ಎಂದ ಸ್ಟೂಲಿಗೆ. ಆಮೇಲೆ ಕೈ ಮುಂದೆ ಚಾಚಿ, ನಾನು ಇರಬೇಕಾಗಿದ್ದ ಗಾಳಿಯನ್ನು ಮುಟ್ಟಿ, ಮತ್ತೆ ಕೇಳಿದ, “ರೇಣವ್ವಾ, ಎಲ್ಲಿ ಹೋದಿ?”

ಆರು ವರ್ಷದವಳಿದ್ದಾಗ ಹೊಸ್ತಿಲಲ್ಲಿ ನಿಂತು ಹೆದರಿದ್ದು ಇದಕ್ಕೆ ಹೋಲಿಸಿದರೆ ಆಟ. ಆಗ ಬೇರೆ ಯಾರೋ ಅಪ್ಪನ ಹಾಗೆ ಕಾಣುತ್ತಿದ್ದ. ಈಗ ಕೂತಿದ್ದವನು ಅಪ್ಪನೇ.

ಹತ್ತಿರ ಹೋಗಿ ಕೈ ಹಿಡಿದೆ. ಅಪ್ಪ ಬಲಗಣ್ಣು ತೆರೆದ, ನನ್ನ ಮುಖ ನೋಡಿದ. ಸುಳ್ಳು ಹೇಳಿ ಉಪಯೋಗವಿಲ್ಲ ಎಂದು ಅವನಿಗೆ ತಿಳಿಯಿತು.

“ಯಾವಾಗಿಂದ?”

“ಎರಡ ವರ್ಷ ಆತು. ಮೊದಲ ಮಂಜ ಬಿದ್ದಂಗ ಇತ್ತು. ಆಮ್ಯಾಲ ಮಂಜ ಸರೀಲೇ ಇಲ್ಲ.”

“ಬಲಗಣ್ಣು?”

“ಅದು ಚಲೋ ಐತಿ” ಎಂದ, ಬೇಗನೆ. “ನೋಡ, ನಿಮ್ಮವ್ವಗ ಹೇಳಬ್ಯಾಡ. ಕಬ್ಬಿನ ಸುಗ್ಗಿ ಮುಗೀಲಿ, ನಾನ ತೋರಸ್ತೇನಿ. ಆಕಿಗೆ ಗೊತ್ತಾತಂದ್ರ ಕೈ ಹೆದರತೈತಿ. ಹೆದರಿದ ಕೈಯಾಗಿನ ಘಣ ಎಲ್ಲಿ ಬೀಳತೈತಿ ಅಂತ ಕಾಳವ್ವಗೂ ಗೊತ್ತಾಗಂಗಿಲ್ಲ.”

ಹೇಳದಿದ್ದರೆ ಕಾಣದ ಮನುಷ್ಯ ತೋರಿಸಿದಲ್ಲಿ ಅವ್ವ ಘಣ ಹಾಕುತ್ತಾಳೆ. ಹೇಳಿದರೆ ನಡುಗುವ ಕೈಯಿಂದ ಹಾಕುತ್ತಾಳೆ. ಎರಡರ ಕೆಳಗೂ ಇರುವುದು ಅಪ್ಪನ ಎಡಗೈ. ನಾನು ಮಾತು ಕೊಟ್ಟೆ. ಕೊಟ್ಟು, ಪ್ರತಿದಿನ ಬಂದು ಆ ಸ್ಟೂಲಿನ ಮೇಲೆ ಕೂತೆ. ನಾನು ಕೂತಿದ್ದರೆ ಏನೂ ಆಗುವುದಿಲ್ಲ ಎಂಬಂತೆ. ಖಾಲಿ ಏಟಿನ ಅರ್ಥ ನನಗೆ ಈಗ ಬೇರೆಯಾಗಿತ್ತು. ಅಪ್ಪ ತಪ್ಪು ಜಾಗ ತಟ್ಟುತ್ತಿದ್ದಾನೆ, ಪಾಪದ ಅವ್ವ ತಟ್ಟಿದಲ್ಲಿ ಬಡಿಯುತ್ತಿದ್ದಾಳೆ. ಹನ್ನೆರಡರಂದು ಏಳು. ಹದಿಮೂರರಂದು ಎಂಟು. ಹದಿನಾಲ್ಕರಂದು ಹನ್ನೊಂದು. ಬಲಗಣ್ಣೂ ಚಲೋ ಇಲ್ಲ ಎಂದು ಗೀಟುಗಳೇ ಹೇಳುತ್ತಿದ್ದವು.

ಈ ನಡುವೆ ನನ್ನ ಚಿತ್ರ ಮಾತ್ರ ಸುಧಾರಿಸುತ್ತ ಹೋಯಿತು. ಹೇಳಲು ನಾಚಿಕೆಯಾಗುತ್ತದೆ. ಹಗ್ಗ, ಕಾಗದ, ದೀಪ ಎಲ್ಲ ತೆಗೆದುಹಾಕಿದ್ದೆ. ಒಂದು ಅಡಿಗಲ್ಲು, ಅದರ ಮೇಲೆ ಒಂದು ಕೈ, ಕೈಯ ಪಕ್ಕ ಕೆಂಪಗೆ ಕಾದ ಕಬ್ಬಿಣ, ಮೇಲಿನ ಕತ್ತಲಲ್ಲಿ ಏನೋ ಎತ್ತಿ ಹಿಡಿದ ಆಕಾರ. “ಈಗ ಬಂತ ನೋಡ್ರಿ” ಎಂದರು ಶ್ರೀಧರ ಸರ್. “ನಾನೂ ಬಾಗಲದಾಗ ಒಂದ್ ಗಳಿಗಿ ನಿಂತೆ. ಹೆಂಗ ಹೊಳೀತ್ರೀ?” ನಾನು ಥ್ಯಾಂಕ್ಸ್ ಹೇಳಿದೆ. ಅವರಿಗೊಂದೇ ತಕರಾರು. “ಆದ್ರ ಘಣ ಹೊಡ್ಯಾಕ ಹೆಣ್ಮಗಳನ್ನ ಹಾಕೀರಿ. ಅಲ್ಲಿ ಲೋಹದ ದೇವಿಗೆ ಹೆಂಗಸರ ಕಂಡ್ರ ಆಗಂಗಿಲ್ಲಂತ. ಕುಲುಮಿಗೆ ಬಿಡಂಗಿಲ್ಲಂತ.”

“ಹಂಗಾರ ಎದುರಿಗೆ ನಿಂತ ಹೊಡ್ಯಾರ ಯಾರ್ರೀ?” ಎಂದೆ. ನನ್ನ ದನಿ ನನಗೇ ಗಡುಸಾಗಿ ಕೇಳಿತು. ಅವರು “ಇರ್ಲಿ ಬಿಡ್ರಿ” ಎಂದರು.

ಹದಿನೈದರಂದು ನನ್ನ ತಾಳ್ಮೆ ಮುಗಿಯಿತು. ಅಪ್ಪ ಇದ್ದಲು ತರಲು ಹೋಗಿದ್ದ. ಹಿತ್ತಲ ಕಲ್ಲಿನ ಮೇಲೆ ಅವ್ವ ಬಟ್ಟೆ ಒಗೆಯುತ್ತಿದ್ದಳು. ಡೈರಿಯನ್ನು ಎದೆಗೆ ಅವಚಿಕೊಂಡು ಅವಳ ಮುಂದೆ ನಿಂತೆ.

“ಅವ್ವಾ, ಅಪ್ಪಗ ಎಡಗಣ್ಣ ಕಾಣಂಗಿಲ್ಲ.”

ಅವ್ವ ಕೈಯಲ್ಲಿದ್ದ ಅಂಗಿಯನ್ನು ಕಲ್ಲಿಗೆ ಎರಡು ಸಲ ಬಡಿದಳು. “ಗೊತ್ತೈತಿ.”

“ಗೊತ್ತಿದ್ದೂ ಹೊಡೀತಿ? ನಾ ಎಣಿಸೇನಿ ಅವ್ವಾ. ನಿನ್ನಿ ಹನ್ನೊಂದ ಸಲ ತಪ್ಪ ತೋರಿಸ್ಯಾನ. ಹನ್ನೊಂದ ಖಾಲಿ ಏಟ ಹೊಡದಿ.”

ಅವ್ವ ಕೈ ಒರೆಸಿಕೊಂಡು ಡೈರಿ ತೆಗೆದುಕೊಂಡಳು. ಗೀಟುಗಳನ್ನು ನೋಡಿದಳು. ಓದಲು ಬಾರದವರೂ ಗೀಟು ಓದಬಲ್ಲರು.

“ಎಣಸಾಕ ಬರತೈತಿ ನಿನಗ, ನೋಡಾಕ ಬರಂಗಿಲ್ಲ” ಎಂದಳು. “ನಿಮ್ಮಪ್ಪ ತಟ್ಟಿದಲ್ಲಿ ಹೊಡದಿದ್ರ ಅದು ಖಾಲಿ ಏಟ ಆಗತಿರಲಿಲ್ಲ.”

ತನ್ನ ಎಡಗೈಯನ್ನು ಒದ್ದೆ ಕಲ್ಲಿನ ಮೇಲೆ ಹರಡಿ ಇಟ್ಟಳು. ಬಲಗೈ ಬೆರಳಿನಿಂದ ಆ ಕೈಯ ಬೆರಳುಗಳಿಗೆ ತಾಗಿದಂತೆ ಪಕ್ಕದಲ್ಲೇ ತಟ್ಟಿದಳು. “ನಿಮ್ಮಪ್ಪ ತಟ್ಟಿದ್ದು ಇಲ್ಲಿ.” ಆಮೇಲೆ ಕಲ್ಲಿನ ಆಚೆಯ ಖಾಲಿ ಮೂಲೆ ತಟ್ಟಿದಳು. “ನಾ ಹೊಡದದ್ದು ಅಲ್ಲಿ.”

ಎತ್ತಿದ ಘಣವನ್ನು ಗಾಳಿಯಲ್ಲಿ ನಿಲ್ಲಿಸಲಾಗದು. ಅದು ಎಲ್ಲಾದರೂ ಬೀಳಲೇಬೇಕು. ಬೀಳುವ ಅರೆಗಳಿಗೆಯಲ್ಲಿ ಅವ್ವ ಅದನ್ನು ಬರಿ ಅಡಿಗಲ್ಲಿಗೆ ತಿರುಗಿಸುತ್ತಿದ್ದಳು. ಬರಿ ಅಡಿಗಲ್ಲಿಗೆ ಬಿದ್ದ ಘಣ ಹಾಗೇ ಪುಟಿದು ಮಣಿಕಟ್ಟಿಗೆ ಬರುತ್ತದೆ. ಆ ಬಟ್ಟೆ ಅದಕ್ಕೆ. ನಾನು ಬರೆದಿಟ್ಟದ್ದು ಯಾರ ತಪ್ಪಿನ ಲೆಕ್ಕವೂ ಅಲ್ಲ. ಅಪ್ಪನ ಕೈ ಉಳಿದ ಸಲಗಳ ಲೆಕ್ಕ. ಅಲ್ಲೇ ಕೂಡಿಸಿದೆ, ಕೂಡಿಸದೆ ಇರಲಾಗಲಿಲ್ಲ: ಐವತ್ತೆಂಟು. ನಾನು ಬರುವ ಮೊದಲಿನವು ಎಷ್ಟೋ.

“ಅಪ್ಪಗ ಯಾಕ ಹೇಳಲಿಲ್ಲ?”

“ಅವರ ಕೈ ಹೆದರಿದ್ರ?” ಎಂದಳು ಅವ್ವ. ಅಪ್ಪ ಹೇಳಿದ ಮಾತೇ. “ಇಷ್ಟ ದಿನ ನಡೀತು. ಈಗ ಘಣ ತಿರುಗಸಾಕ ನನಗೂ ತಡ ಆಗಾಕತ್ತೈತಿ. ಇನ್ನ ಮೂರ ದಿನಕ್ಕ ಅಮಾಸಿ, ಅವತ್ತ ಕುಲುಮಿ ಹೊತ್ತಸಂಗಿಲ್ಲ. ಬ್ಯಾಡಂದ್ರೂ ಹುಬ್ಬಳ್ಳಿಗೆ ಕರಕೊಂಡ ಹೋಗೂಣು. ನಡುವ ಎರಡ ದಿನ ಐತಿ.”

ಆ ಎರಡು ದಿನ ನಾನು ಹೇಗೆ ಕಳೆದೆ ಎಂದು ಬರೆಯಲು ಹೋದರೆ ಪೆನ್ನು ನಿಲ್ಲುತ್ತದೆ. ಕೆಲಸ ನಿಲ್ಲಿಸಿ ಎಂದರೆ ಅಪ್ಪ ಕಾರಣ ಕೇಳುತ್ತಾನೆ. ಕಬ್ಬು ಕಡಿಯುವ ಗುಂಪಿಗೆ ಕೊಟ್ಟ ಮಾತು ಬೇರೆ. ಟಿಕ್ ಎಂದಾಗ ನನ್ನ ಉಸಿರು ನಿಲ್ಲುತ್ತಿತ್ತು. ಧಪ್ ಎಂದರೆ ಬಿಡುತ್ತಿದ್ದೆ. ಠಣ್ ಎಂದರೆ ಅವ್ವನ ಮುಖ ನೋಡುತ್ತಿದ್ದೆ. ಅವಳ ತುಟಿ ಒಮ್ಮೆ ಬಿಗಿಯಾಗಿ ಮತ್ತೆ ಮೊದಲಿನಂತಾಗುತ್ತಿತ್ತು. ಅಪ್ಪ ಚೇಷ್ಟೆ ಮಾಡುತ್ತಲೇ ಇದ್ದ. “ಇವತ್ತ ಅಡಿಗಲ್ಲ ಒಡದ ಎರಡ ಹೋಳ ಆಗತೈತಿ.” ಅವ್ವ, “ಆಗ್ಲಿ ಬಿಡ್ರಿ, ಹೊಸಾದ ತರೂಣು” ಎನ್ನುತ್ತಿದ್ದಳು.

ಹದಿನೇಳರ ಮಧ್ಯಾಹ್ನ, ಊಟಕ್ಕೆ ಏಳುವ ಮುಂಚೆ ಕೊನೆಯ ಸಲ ಕಬ್ಬಿಣ ಕಾಯಿಸಿದ್ದರು. ಅಪ್ಪ ಕಬ್ಬಿಣ ತೆಗೆದು ಅಡಿಗಲ್ಲಿನ ಮೇಲೆ ಇಟ್ಟ. ತಟ್ಟಿದ. ಠಣ್. ಮತ್ತೆ ತಟ್ಟಿದ. ಠಣ್. ಮೂರನೆಯ ಸಲ ಅವನ ಸಣ್ಣ ಸುತ್ತಿಗೆ ಬಿದ್ದದ್ದು ಇಕ್ಕಳದ ಮೇಲೆಯೇ, ಹೆಬ್ಬೆರಳಿನ ಬದಿಗೆ. ಎತ್ತಿದ್ದ ಘಣವನ್ನು ಅವ್ವ ಪಕ್ಕಕ್ಕೆ ಎಳೆದುಕೊಂಡು ನೆಲಕ್ಕೆ ಇಳಿಸಿದಳು. ಹಿಡಿಯನ್ನು ಗೋಡೆಗೆ ಒರಗಿಸಿದಳು.

ಅಪ್ಪ ಇನ್ನೊಮ್ಮೆ ತಟ್ಟಿ ಕಾದ. ಏಟು ಬರಲಿಲ್ಲ. ಮುಖ ಎತ್ತಿ ಅವ್ವ ನಿಂತಿರುವ ಕಡೆ ನೋಡಿದ.

“ಹೊಡಿ. ಆರಾಕತ್ತೈತಿ.”

ಕಬ್ಬಿಣ ಆಗಲೇ ಪೂರ್ತಿ ಕಪ್ಪಗಾಗಿತ್ತು. ಮೂಲೆಯಿಂದ ನನಗೇ ಅದು ಕಾಣುತ್ತಿತ್ತು. ಅಪ್ಪ ಅದರ ಮೇಲೆ ಬಗ್ಗಿದ, ಇನ್ನೂ ಬಗ್ಗಿದ, ಬಿಸಿ ಹುಬ್ಬಿಗೆ ತಗಲುವಷ್ಟು.

“ಬಣ್ಣ ಹೋತೇನ?” ಎಂದು ಕೇಳಿದ.

ನನ್ನಪ್ಪ ಕಬ್ಬಿಣದ ಬಣ್ಣವನ್ನು ಇನ್ನೊಬ್ಬರಿಗೆ ಕೇಳಿದ್ದನ್ನು ನಾನು ಎಂದೂ ಕೇಳಿದವಳಲ್ಲ.

“ಯಾವಾಗೋ ಹೋತು” ಎಂದಳು ಅವ್ವ, ಮೆಲ್ಲಗೆ.

“ನನಗ ಇನ್ನೂ ಕೆಂಪ ಕಾಣಾಕತ್ತೈತಿ.”

“ನಾಳಿ ಅಮಾಸಿ ಐತ್ರಿ. ಹುಬ್ಬಳ್ಳಿಗೆ ಹೋಗೂಣು.”

ಅಪ್ಪ ಇಕ್ಕಳವನ್ನು ನೆಲಕ್ಕಿಟ್ಟ. ಆಮೇಲೆ, “ಎಷ್ಟ ದಿನದಿಂದ ಗೊತ್ತೈತಿ ನಿನಗ?” ಎಂದ.

“ನಿಮಗ ಎಷ್ಟ ದಿನದಿಂದ ಗೊತ್ತೈತಿ?” ಎಂದಳು ಅವ್ವ.

ಹುಬ್ಬಳ್ಳಿಯ ಡಾಕ್ಟರಮ್ಮ ಎರಡೂ ಕಣ್ಣಿಗೆ ಬೆಳಕು ಬಿಟ್ಟು ನೋಡಿ, ವರ್ಷಗಟ್ಟಲೆ ಉರಿ ನೋಡಿದವರಿಗೆ ಕಣ್ಣಿನೊಳಗಿನ ಮಸೂರ ಬೆಂದ ಮೊಟ್ಟೆಯ ಬಿಳಿಯಂತೆ ಆಗುತ್ತದೆ ಎಂದರು. ಬಲಗಣ್ಣಿಗೆ ಮೊದಲು ಆಪರೇಷನ್, ಅದು ಕಾಣುತ್ತದೆ. ಎಡಗಣ್ಣಿಗೆ ಆಮೇಲೆ, ಅದರ ಬಗ್ಗೆ ಮಾತು ಕೊಡುವುದಿಲ್ಲ. ಒಂದು ತಿಂಗಳು ಬೆಂಕಿಯ ಮುಂದೆ ಕೂಡುವ ಹಾಗಿಲ್ಲ.

ಹೊರಗಿನ ಬೆಂಚಿನ ಮೇಲೆ, ಹನಿ ಹಾಕಿಸಿಕೊಂಡು ಎರಡೂ ಕಣ್ಣು ಮುಚ್ಚಿ ಕೂತ ಅಪ್ಪ ನನ್ನನ್ನು ಕೇಳಿದ, “ನಿನ್ನ ಜಪಾನದ ಕಂಬಾರ ಏನಾದ?”

“ಗುಡ್ಡದಾಗ ಇರ್ತಾನಂತ ಅಪ್ಪಾ.”

“ಒಬ್ಬನ?”

“ಹೂಂ. ಜನ ಹೆದರ್ತಾರಂತ ಅವಗ.”

“ಕುಲುಮಿ ಏನಾತು?”

ಟಿಪ್ಪಣಿಯಲ್ಲಿ ಅದನ್ನು ಬರೆದಿರಲಿಲ್ಲ. ಗೊತ್ತಿಲ್ಲ ಎಂದೆ. ಅಪ್ಪ ತಲೆಯಾಡಿಸಿ, ಕೈಯಿಂದ ತಡವಿ ಅವ್ವನ ಮಣಿಕಟ್ಟು ಹುಡುಕಿದ. ಬಟ್ಟೆ ಸುತ್ತಿದ ಜಾಗ ಸಿಕ್ಕಿದ ಮೇಲೆ ಅದನ್ನು ಬಿಡಲಿಲ್ಲ.

ಬಲಗಣ್ಣಿನ ಆಪರೇಷನ್ ಆಗಿ ಅಪ್ಪ ಕಪ್ಪು ಕನ್ನಡಕ ಹಾಕಿಕೊಂಡು ಮನೆಗೆ ಬಂದ ನಾಲ್ಕನೆಯ ದಿನ, ಅವ್ವ ಅಟ್ಟದ ಮೆಟ್ಟಿಲ ಕೆಳಗೆ ನಿಂತು ನನ್ನನ್ನು ಕರೆದಳು. ಕಬ್ಬಿನ ಗುಂಪಿನವರ ಏಳು ಕೊಯ್ತಾ ಉಳಿದಿದ್ದವು. ಗಾವಡೆ ಮಾಮಾನದೂ ಗೋಡೆಗೆ ಒರಗಿಕೊಂಡೇ ಇತ್ತು.

“ನಾ ಇಕ್ಕಳ ಹಿಡೀತೇನಿ. ನೀ ಘಣ ತಗೋ.”

“ನನಗ ಬರಂಗಿಲ್ಲ ಅವ್ವಾ.”

“ನನಗೂ ಬರತಿರಲಿಲ್ಲ. ನಿಮ್ಮಪ್ಪನ ಕೈ ಕೆಳಗ ಇತ್ತು, ಕಲತೆ.”

ಅಪ್ಪ ಹೊರಗೆ ಬೇವಿನ ನೆರಳಿನಲ್ಲಿ ಬೆಂಕಿಗೆ ಬೆನ್ನು ಹಾಕಿ ಕೂತಿದ್ದ. ಅವ್ವ ಅಡಿಗಲ್ಲಿನ ಆಚೆ ಅಪ್ಪನ ಜಾಗದಲ್ಲಿ ಕುಕ್ಕರಗಾಲಿನಲ್ಲಿ ಕೂತಳು. ಕಬ್ಬಿಣ ತೆಗೆದು ಇಟ್ಟಳು. ಅದೇ ಗಿಡ್ಡ ಇಕ್ಕಳ. ನಾನು ಘಣ ಎತ್ತಿದೆ. ನಾನು ಅಂದುಕೊಂಡಿದ್ದಕ್ಕಿಂತ ಭಾರ ಇತ್ತು, ಎತ್ತಿದ ಮೇಲೆ ಇನ್ನೂ ಭಾರವಾಯಿತು. ಕೆಳಗೆ ಅವ್ವನ ಹೆಬ್ಬೆರಳು, ಅದರ ಉಗುರಿನ ಕಪ್ಪು, ಅದರ ಪಕ್ಕದ ಬೆಳ್ಳಿ ಉಂಗುರದ ಗುರುತು ಎಲ್ಲ ಸ್ಪಷ್ಟವಾಗಿ ಕಾಣುತ್ತಿದ್ದವು. ನನ್ನ ಎರಡೂ ಕಣ್ಣು ಚೆನ್ನಾಗಿವೆ.

ಟಿಕ್ ಎಂದು ಅವ್ವ ತಟ್ಟಿದಳು.

ಘಣ ಬಿತ್ತು. ಧಪ್ ಎಂಬ ಸದ್ದು ಕಿವಿಗೆ ಬಿದ್ದ ಮೇಲೆ ನನಗೆ ತಿಳಿಯಿತು, ನಾನು ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದ್ದೆ. ತೆರೆಯಲು ಧೈರ್ಯವಾಗಲಿಲ್ಲ. ಹೊರಗಿನಿಂದ ಅಪ್ಪ ಏನೋ ಕೇಳಿದ. ಕೊನೆಗೆ ಒಂದು ಕಣ್ಣು ತೆರೆದು ನೋಡಿದೆ. ಅವಳ ಕೈ ಇದ್ದಲ್ಲೇ ಇತ್ತು. ಒಂದು ಕೂದಲೆಳೆಯಷ್ಟೂ ಹಿಂದೆ ಸರಿದಿರಲಿಲ್ಲ. ಅವಳು ನನ್ನನ್ನೇ ನೋಡುತ್ತಿದ್ದಳು.

“ಇನ್ನೊಂದ ಹೊಡಿ” ಎಂದಳು ಅವ್ವ. “ಈ ಸಲ ಕಣ್ಣ ತಗದು.”